ಗಾಲ್ಫ್ ಬೇಕೋ ಬೇಡ್ವೋ ಅಂತ ಗೊಂದಲ ಇರೋರು ಶುರು ಮಾಡೋದು ಹೇಗೆ

ಗಾಲ್ಫ್ ಅಂದ್ರೆ ಮೂಗು ಮುರಿಯೋರ ಗುಂಪಲ್ಲಿ ನಾನೂ ಇದ್ದೆ. ಟೀವಿಲಿ ಬಂದ್ರೆ ಚಾನೆಲ್ ಚೇಂಜ್. ಯಾರೋ ನಿಧಾನಕ್ಕೆ ನಡ್ಕೊಂಡು ಹೋಗ್ತಾರೆ, ಕುಕ್ಕರುಗಾಲಲ್ಲಿ ಕೂತು ಹುಲ್ಲು ನೋಡ್ತಾರೆ, ಕಾಮೆಂಟರಿಯವ್ರು ಮಗು ಮಲಗಿರೋ ಮನೇಲಿ ಮಾತಾಡೋ ತರ ಪಿಸುಗುಡ್ತಾರೆ, ಇದೂ ಒಂದು ಆಟಾನಾ ಅನ್ಸೋದು. ಈಗ ತಿಂಗಳಿಗೆ ಎರಡು ಸಲನಾದ್ರೂ ಆಡ್ತೀನಿ, ಆದ್ರೂ ಆ ಹಳೇ ಮುನಿಸು ಪೂರ್ತಿ ಹೋಗಿಲ್ಲ, ಹೋಗ್ಬೇಕು ಅಂತಾನೂ ಇಲ್ಲ. ಹಾಗಾಗಿ ಇದು ಗಾಲ್ಫ್ ಹುಚ್ಚು ಹತ್ತಿರೋರಿಗೆ ಅಲ್ಲ, ಆಸೆನೂ ಇದೆ ಅನುಮಾನನೂ ಇದೆ ಅನ್ನೋರಿಗೆ.

ಮೊದಲ ಕೆಲಸ ಕ್ಲಬ್ (ಚೆಂಡು ಹೊಡೆಯೋ ಕೋಲು) ಹಿಡಿಯೋದಲ್ಲ, ಯಾವ ಗಾಲ್ಫು ನಿಮಗೆ ಬೇಕು ಅಂತ ತಿಳ್ಕೊಳೋದು. ಯಾಕಂದ್ರೆ ಈ ಆಟದ ಜನಪ್ರಿಯತೆ ಯಾವತ್ತೂ ಒಂದೇ ತರ ಇಲ್ಲ, ಏರುತ್ತೆ ಇಳಿಯುತ್ತೆ, ಏರಿದಾಗೆಲ್ಲ ಬೇರೆ ರೂಪದಲ್ಲಿ ಏರುತ್ತೆ. 1457ರಲ್ಲಿ ಸ್ಕಾಟ್ಲೆಂಡಲ್ಲಿ ಇದನ್ನ ಬ್ಯಾನ್ ಮಾಡಿದ್ರು, ಜನ ಬಿಲ್ವಿದ್ಯೆ ಪ್ರಾಕ್ಟೀಸ್ ಬಿಟ್ಟು ಇದರ ಹಿಂದೆ ಬಿದ್ದಿದ್ದಾರೆ ಅಂತ. 1502ರ ಹೊತ್ತಿಗೆ ಅಲ್ಲಿನ ರಾಜ ನಾಲ್ಕನೇ ಜೇಮ್ಸೇ ಹೋಗಿ ಬಿಲ್ಲು ಮಾಡೋನ ಹತ್ರಾನೇ ಕ್ಲಬ್ ಮಾಡಿಸ್ಕೊಂಡ! ಆಮೇಲೆ ತುಂಬಾ ಕಾಲ ಚೆಂಡು ಅಂದ್ರೆ ಚರ್ಮದ ಚೀಲದೊಳಗೆ ಹಕ್ಕಿ ಗರಿ ತುರುಕಿ ಹೊಲಿದಿದ್ದು, ಕೈಯಲ್ಲಿ ಮಾಡ್ಬೇಕು, ದುಬಾರಿ, ಮಳೇಲಿ ನೆಂದ್ರೆ ಹಾಳು. 1848ರ ಸುಮಾರಿಗೆ ಮರದ ಅಂಟಿನಿಂದ ಮಾಡೋ ಗಟಾಪರ್ಚಾ ಚೆಂಡು ಬಂತು ನೋಡಿ, ಬೆಲೆ ಇಳೀತು, ಆಡೋ ಜನ ಜಾಸ್ತಿ ಆದ್ರು.

ಹತ್ತಿರದ ಕತೆನೂ ಹೀಗೇ. 1997ರಲ್ಲಿ 21 ವರ್ಷದ ಟೈಗರ್ ವುಡ್ಸ್ 12 ಸ್ಟ್ರೋಕ್ (ಹೊಡೆತ) ಅಂತರದಲ್ಲಿ ಮಾಸ್ಟರ್ಸ್ ಅನ್ನೋ ದೊಡ್ಡ ಟೂರ್ನಿ ಗೆದ್ದ, ಎಲ್ಲರ ಕಣ್ಣೂ ಈ ಕಡೆ ತಿರುಗ್ತು. ಅಮೆರಿಕಾದಲ್ಲಿ ಕೋರ್ಸ್ (ಗಾಲ್ಫ್ ಮೈದಾನ) ಮೇಲೆ ಕೋರ್ಸ್ ಕಟ್ಟಿದ್ರು, ಎಷ್ಟು ಕಟ್ಟಿದ್ರಂದ್ರೆ 2006ರಿಂದ ಆಚೆಗೆ ವರ್ಷ ವರ್ಷ ಹೊಸದಾಗಿ ತೆರೆಯೋದಕ್ಕಿಂತ ಮುಚ್ಚೋದೇ ಹೆಚ್ಚಾಯ್ತು. ಗಾಲ್ಫ್ ಕತೆ ಮುಗೀತು ಅಂತ ಎಲ್ರೂ ಬರೆಯೋ ಹೊತ್ತಿಗೆ 2020ರ ಕೊರೊನಾ ಬಂತು, ಬಯಲಲ್ಲಿ ದೂರ ದೂರ ನಿಂತು ಆಡಬಹುದಾದ ಆಟ ಅಂತ ಜನ ಮತ್ತೆ ಬಂದ್ರು. ಇದರಲ್ಲಿ ನಿಮ್ಮ ಕೆಲಸಕ್ಕೆ ಬರೋ ಪಾಯಿಂಟ್ ಏನಂದ್ರೆ, 2022ರಲ್ಲಿ ಅಮೆರಿಕಾದಲ್ಲಿ ನಿಜವಾದ ಕೋರ್ಸಲ್ಲಿ ಆಡಿದವರಿಗಿಂತ ಡ್ರೈವಿಂಗ್ ರೇಂಜು (ಬರೀ ಚೆಂಡು ಹೊಡೆದು ಪ್ರಾಕ್ಟೀಸ್ ಮಾಡೋ ಜಾಗ), ಸಿಮ್ಯುಲೇಟರು (ಪರದೆ ಮುಂದೆ ಆಡೋ ಗಾಲ್ಫು) ಅಂತ ಕೋರ್ಸಿನ ಹೊರಗೆ ಆಡಿದವರೇ ಜಾಸ್ತಿ ಆದ್ರು. ಅಂದ್ರೆ ಈಗ ಬೆಳೀತಿರೋದು ಚಿಕ್ಕ ಗಾಲ್ಫು, ಮೆಂಬರ್‌ಶಿಪ್ಪು ಕಾಲರ್ ಶರ್ಟು ಇಲ್ಲದ ಗಾಲ್ಫು. ನೀವೂ ಅಲ್ಲಿಂದಾನೇ ಒಳಗೆ ಹೋಗಿ.

ಹೋಗೋ ಮುಂಚೆ ಏನೂ ಕೊಳ್ಳಬೇಡಿ. ದಯವಿಟ್ಟು. ಗ್ಲೌಸೂ ಬೇಡ, ಶೂಸೂ ಬೇಡ. ರೂಲ್ ಪ್ರಕಾರ ಬ್ಯಾಗಲ್ಲಿ 14 ಕ್ಲಬ್ ತನಕ ಇಟ್ಕೋಬಹುದು, ಅದನ್ನ ನೋಡಿ ಹೊಸಬ್ರು 14ನ್ನೂ ಒಟ್ಟಿಗೆ ತಗೊಳ್ತಾರೆ, ಆಮೇಲೆ ಅದು ಮಂಚದ ಕೆಳಗೆ ಧೂಳು ತಿನ್ನುತ್ತೆ. ರೇಂಜಲ್ಲಿ ಬಾಡಿಗೆಗೆ ಒಂದು 7-ಐರನ್ (ಮಧ್ಯಮ ದೂರಕ್ಕೆ ಹೊಡೆಯೋ ಕ್ಲಬ್) ಕೇಳಿ, ಅಷ್ಟೇ. ಡ್ರೈವರ್ (ತುಂಬಾ ದೂರ ಹೊಡೆಯೋ ಕ್ಲಬ್) ಕಡೆ ಕಣ್ಣು ಹೋಗುತ್ತೆ, ದೊಡ್ಡ ತಲೆ, ದೊಡ್ಡ ಸದ್ದು, ಆದ್ರೆ ಚೆಂಡಿಗೆ ತಾಗೋ ಅದರ ಮುಖ ಬರೀ ಹತ್ತು ಡಿಗ್ರಿ ಆಸುಪಾಸು ವಾಲಿರುತ್ತೆ, ದಂಡನೂ ಉದ್ದ, ಸ್ವಲ್ಪ ತಪ್ಪಿದ್ರೂ ಚೆಂಡು ಪಕ್ಕದ ಫೇರ್‌ವೇಗೆ, ಅಂದ್ರೆ ಬೇರೆಯವರು ಆಡ್ತಿರೋ ಹುಲ್ಲಿನ ದಾರಿಗೆ. 7-ಐರನ್ ಮುಖ 30 ಡಿಗ್ರಿ ಆಸುಪಾಸು, ದಂಡ ಗಿಡ್ಡ, ಚೆಂಡನ್ನ ಅದೇ ಎತ್ತುತ್ತೆ.

ಈ ಎತ್ತೋ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೊಸಬರ ಅರ್ಧ ಸಂಕಟ ಇಲ್ಲೇ. ಚೆಂಡು ನೆಲದಲ್ಲಿದೆ, ಮೇಲೆ ಹೋಗ್ಬೇಕು, ಹಂಗಾಗಿ ಕೆಳಗಿಂದ ಗೋರ್ಕೊಂಡು ಎತ್ತೋಣ ಅನ್ಸುತ್ತೆ. ಹಂಗೆ ಮಾಡಿದ್ರೆ ಒಂದೋ ಕ್ಲಬ್ಬು ಚೆಂಡಿನ ಹಿಂದೆ ನೆಲ ಅಗೆಯುತ್ತೆ, ಇಲ್ಲಾ ಚೆಂಡಿನ ನೆತ್ತಿ ಸವರಿ ಅದು ಇಲಿ ಓಡಿದ ಹಾಗೆ ನೆಲದ ಮೇಲೇ ಓಡುತ್ತೆ. ಐರನ್ ಹೊಡೆಯೋವಾಗ ಕೆಳಮುಖವಾಗಿ ಬರ್ಬೇಕು, ಮೊದಲು ಚೆಂಡು, ಆಮೇಲೆ ಹುಲ್ಲು. ಎತ್ತೋ ಕೆಲಸ ವಾಲಿದ ಮುಖದ್ದು, ನಿಮ್ದಲ್ಲ. ಚೆಂಡಿಲ್ಲದೆ ಹತ್ತು ಸಲ ಸುಮ್ನೆ ಬೀಸಿ, ಪ್ರತಿ ಸಲ ಕ್ಲಬ್ಬಿನ ತಳ ಹುಲ್ಲನ್ನ ಒಂದೇ ಜಾಗದಲ್ಲಿ ಸವರಿಕೊಂಡು ಹೋಗುತ್ತಾ ನೋಡ್ಕೊಳ್ಳಿ, ಸರ್ ಅಂತ ಸದ್ದು ಬರುತ್ತೆ. ಆ ಸದ್ದು ಬರೋ ತನಕ ಚೆಂಡು ಇಡಬೇಡಿ.

ಬಲಗೈಯವರು ಎಡಗೈ ಮೇಲೆ, ಬಲಗೈ ಕೆಳಗೆ ಹಿಡೀರಿ. ಬೆರಳು ಹೆಣೆಯೋ ಹಿಡಿತ, ಕಿರುಬೆರಳು ಮೇಲೆ ಹಾಕೋ ಹಿಡಿತ ಅಂತೆಲ್ಲ ಇದೆ, ಶುರುವಿಗೆ ಹತ್ತೂ ಬೆರಳಲ್ಲಿ ಹಿಡಿದ್ರೂ ನಡೆಯುತ್ತೆ, ಆದ್ರೆ ಗಟ್ಟಿಯಾಗಿ ಹಿಂಡಬೇಡಿ. ಬೀಸೋದು ಸೊಂಟದ ಎತ್ತರದಿಂದ ಸೊಂಟದ ಎತ್ತರಕ್ಕೆ, ಅರ್ಧ ಸ್ವಿಂಗ್ ಮಾತ್ರ. ಕ್ರಿಕೆಟ್ ಆಡಿ ಬೆಳೆದ ಕೈ ಆದ್ರೆ ಕೆಳಗಿನ ಕೈ ಜೋರು ಮಾಡುತ್ತೆ, ಎಲ್ಲಾನೂ ಲೆಗ್‌ಸೈಡಿಗೆ ಎಳೆಯೋ ಚಾಳಿ, ಅದನ್ನ ಗಮನಿಸಿ. ಬೌಲರ್ ಹಾಕಿದ ಬಾಲಿಗೆ ಯೋಚನೆ ಮಾಡೋಕೆ ಟೈಮ್ ಇರಲ್ಲ, ಇಲ್ಲಿ ಚೆಂಡು ಅಲ್ಲೇ ಕೂತು ನಿಮ್ಮನ್ನೇ ನೋಡ್ತಿರುತ್ತೆ, ತಲೆಯೊಳಗೆ ಇಲ್ಲದ ಯೋಚನೆ ಎಲ್ಲ ಬರೋದು ಅದಕ್ಕೇ. ನಾನು ಮೊದಲ ದಿನ ಪಕ್ಕದಲ್ಲಿ ಒಬ್ಬ ಹತ್ತು ವರ್ಷದ ಹುಡುಗಿ ಪಟಪಟ ಹೊಡೀತಿರೋವಾಗ ಮೂರು ಸಲ ಗಾಳಿಗೆ ಬೀಸಿದೆ, ನಾಲ್ಕನೇದು ತಾಗ್ತು, ಚೆಂಡು ಮ್ಯಾಟ್ ದಾಟಲಿಲ್ಲ. ನೆಲ ಸಮ ಇಲ್ಲ ಅಂತ ಗೊಣಗಿದೆ. ಕುಣೀಲಾರದವಳು ನೆಲ ಡೊಂಕು ಅಂದ್ಳು ಅನ್ನೋದು ಆಗ ನೆನಪಿಗೆ ಬಂದು ನಗು ಬಂತು, ಮ್ಯಾಟ್ ಚಪ್ಪಟೆಯಾಗೇ ಇತ್ತು.

ಬಲಗೈಯವರ ಚೆಂಡು ಬಲಕ್ಕೆ ಬಾಗಿ ಬಾಗಿ ಹೋಗ್ತಿದ್ರೆ ಅದಕ್ಕೆ ಸ್ಲೈಸ್ ಅಂತಾರೆ, ಕ್ಲಬ್ ಬರೋ ದಾರಿಗೆ ಹೋಲಿಸಿದ್ರೆ ಅದರ ಮುಖ ಬಲಕ್ಕೆ ತೆರೆದಿದೆ ಅಂತ ಅರ್ಥ. ಬಲಕ್ಕೆ ಹೋಗುತ್ತೆ ಅಂತ ಜನ ಇನ್ನೂ ಎಡಕ್ಕೆ ತಿರುಗಿ ನಿಂತ್ಕೊಳ್ತಾರೆ, ಆಗ ಇನ್ನೂ ಜಾಸ್ತಿ ಬಾಗುತ್ತೆ. ಮೊದಲು ಹಿಡಿತ ನೋಡಿ, ಮೇಲಿನ ಕೈನ ಎರಡು ಗೆಣ್ಣು ನಿಮ್ಮ ಕಣ್ಣಿಗೆ ಕಾಣ್ಬೇಕು.

ರೇಂಜಿಗೆ ನಾಲ್ಕೈದು ಸಲ ಹೋದ್ಮೇಲೆ ಪಟಿಂಗ್, ಅಂದ್ರೆ ಪಟರ್ ಅನ್ನೋ ಕ್ಲಬ್ಬಲ್ಲಿ ಚೆಂಡನ್ನ ಉರುಳಿಸಿ ಗುಂಡಿಗೆ ಹಾಕೋದು. ಇದನ್ನ ಯಾರೂ ಪ್ರಾಕ್ಟೀಸ್ ಮಾಡಲ್ಲ, ಬೋರು ಅಂತಾರೆ. ಲೆಕ್ಕ ನೋಡಿ, ಪಾರ್ ಅಂದ್ರೆ ಚೆನ್ನಾಗಿ ಆಡೋರಿಗೆ ಇಷ್ಟು ಹೊಡೆತ ಸಾಕು ಅಂತ ಇಟ್ಟಿರೋ ಲೆಕ್ಕ, ಪಾರ್ 72ರ ಕೋರ್ಸಲ್ಲಿ ಪ್ರತಿ ಹೋಲಿಗೆ (ಶುರುವಿಂದ ಒಂದು ಗುಂಡಿ ತನಕದ ಆಟ) 2 ಪಟ್ ಅಂತ ಇಟ್ಟಿರ್ತಾರೆ, 18 ಹೋಲಿಗೆ 36, ಅಂದ್ರೆ ಅರ್ಧ ಆಟ ಗ್ರೀನ್ (ಗುಂಡಿ ಸುತ್ತಲಿನ ನುಣ್ಣನೆ ಹುಲ್ಲು) ಮೇಲೇ. ಗುಂಡಿಯ ಅಗಲ 108 ಮಿಲಿಮೀಟರ್, ಚೆಂಡಿನದು 43ರ ಹತ್ರ, ಜಾಗ ಬೇಕಾದಷ್ಟಿದೆ ಅನ್ಸುತ್ತೆ, ಸ್ವಲ್ಪ ಜೋರಾದ್ರೆ ಅಂಚು ಮುಟ್ಟಿ ಆಚೆ ಹೋಗುತ್ತೆ. ದಿಕ್ಕಿಗಿಂತ ವೇಗ ಮುಖ್ಯ. ದೂರದಿಂದ ಮೂರು ಚೆಂಡು ಹೊಡೆದು ಮೂರೂ ಒಂದೇ ಕಡೆ ಗುಂಪಾಗಿ ನಿಲ್ಲುತ್ತಾ ನೋಡಿ, ಗುಂಡಿಗೆ ಬೀಳೋ ಯೋಚನೆ ಆಮೇಲೆ.

ಇಷ್ಟಾದ್ರೆ ಒಂದು 9 ಹೋಲಿನ ಕೋರ್ಸಿಗೆ, ಅದ್ರಲ್ಲೂ ಎಲ್ಲಾ ಹೋಲೂ ಗಿಡ್ಡಕ್ಕಿರೋ ಪಾರ್-3 ಕೋರ್ಸ್ ಸಿಕ್ಕಿದ್ರೆ ಅದಕ್ಕೇ ಹೋಗಿ. 18 ಹೋಲು ಅಂದ್ರೆ ನಾಲ್ಕು ಗಂಟೆ ಮೇಲೆ, ಹೋಗಿ ಬರೋದು ಸೇರಿದ್ರೆ ದಿನಾನೇ ಹೋಯ್ತು, ಮನೇಲಿ ಮುಖ ಊದಿಸ್ಕೊಳೋದು ಈ ಕಾರಣಕ್ಕೇ, ಅದರಲ್ಲಿ ಅವರ ತಪ್ಪೂ ಇಲ್ಲ. ಜನ ಆಟ ಬಿಡೋಕೂ ದೊಡ್ಡ ಕಾರಣ ಟೈಮೇ. ನಿಮ್ಮಿಂದ ಬೇರೆಯವರ ಟೈಮ್ ಹಾಳಾಗದ ಹಾಗೆ ಆಡೋಕೆ ಕಲೀರಿ. ಯಾರು ರೆಡಿ ಇದ್ದಾರೋ ಅವರು ಹೊಡೀಲಿ. ಕಳೆದ ಚೆಂಡು ಹುಡುಕೋಕೆ 2019ರಿಂದ 3 ನಿಮಿಷ ಮಾತ್ರ, ಮುಂಚೆ 5 ಇತ್ತು. ಸ್ಕೋರು ಪಾರಿಗೆ ಎರಡು ಪಟ್ಟು ಆಯ್ತು ಅಂದ್ರೆ ಚೆಂಡು ಎತ್ತಿ ಜೇಬಿಗೆ ಹಾಕ್ಕೊಂಡು ಮುಂದೆ ನಡೀರಿ, ಮರ್ಯಾದೆ ಏನೂ ಹೋಗಲ್ಲ. ಚೆಂಡು ಜನರ ಕಡೆ ಹೋಯ್ತು ಅಂದ್ರೆ ಸಂಕೋಚ ಬಿಟ್ಟು ಫೋರ್ ಅಂತ ಜೋರಾಗಿ ಕೂಗಿ, ಇದೊಂದು ಮಾತ್ರ ಮರೀಬೇಡಿ, 46 ಗ್ರಾಂ ಹತ್ರ ತೂಕದ ಗಟ್ಟಿ ಚೆಂಡು ಅದು. ಬಂಕರಿಂದ (ಮರಳು ತುಂಬಿದ ತಗ್ಗು) ಬಂದ್ಮೇಲೆ ಮರಳು ಹರಗಿ ಬನ್ನಿ. ಚೆಂಡು ಬಿದ್ದು ಗ್ರೀನಲ್ಲಿ ತಗ್ಗಾಗಿದ್ರೆ ಸುತ್ತಲಿನ ಅಂಚನ್ನ ಮಧ್ಯಕ್ಕೆ ತಳ್ಳಿ ಪಟರ್ ತಳದಲ್ಲಿ ತಟ್ಟಿ, ಎಲ್ಲರೂ ಮಾಡೋ ತಪ್ಪು ಅಂದ್ರೆ ತಗ್ಗನ್ನ ಕೆಳಗಿಂದ ಮೀಟಿ ಎತ್ತೋದು, ಅದರಿಂದ ಬೇರು ಕಿತ್ತು ಆ ಜಾಗ ಒಣಗಿ ಕಂದು ಆಗುತ್ತೆ.

ನಿಮಗಿಂತ ಚೆನ್ನಾಗಿ ಆಡೋರ ಜೊತೆ ಹೋಗೋಕೆ ನಾಚ್ಕೋಬೇಡಿ. ಹ್ಯಾಂಡಿಕ್ಯಾಪ್ (ಅಷ್ಟು ಚೆನ್ನಾಗಿ ಆಡದವರಿಗೆ ಸ್ಕೋರಲ್ಲಿ ಕೊಡೋ ರಿಯಾಯಿತಿ) ಅನ್ನೋದು ಇರೋದೇ ಅದಕ್ಕೆ, 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿ, 54ರ ತನಕ ಕೊಡ್ತಾರೆ, ಅಂದ್ರೆ ಹೆಚ್ಚುಕಮ್ಮಿ ಪ್ರತಿ ಹೋಲಿಗೆ ಮೂರು ಸ್ಟ್ರೋಕ್ ಬಿಟ್ಟುಕೊಟ್ಟ ಹಾಗೆ. ಅಜ್ಜನೂ ಮೊಮ್ಮಗಳೂ ಒಂದೇ ದಿನ ಒಂದೇ ಗ್ರೌಂಡಲ್ಲಿ ನಿಜವಾಗ್ಲೂ ಸ್ಪರ್ಧೆ ಮಾಡಬಹುದಾದ ಆಟ ಇನ್ನೊಂದು ತೋರಿಸಿ ನೋಡೋಣ.

ಇನ್ನು ಆ ಮುನಿಸಿನ ವಿಷಯ. ಆಡೋಕೆ ಶುರು ಮಾಡಿದ ತಕ್ಷಣ ಫ್ರೆಂಡ್ಸು ಕಾಲೆಳೀತಾರೆ, ದೊಡ್ಡ ಮನುಷ್ಯ ಆದೆ ಕಣಪ್ಪಾ ಅಂತ. ಆಗ ವಾದಕ್ಕೆ ಇಳೀಬೇಡಿ, ಅವ್ರ ಮಾತಲ್ಲಿ ಸತ್ಯ ಇದೆ. 18 ಹೋಲಿನ ಕೋರ್ಸ್ ಸಾಮಾನ್ಯವಾಗಿ ನೂರು ಎಕರೆ ಮೇಲೆಯೇ ತಿನ್ನುತ್ತೆ, ನೀರು, ಗೊಬ್ಬರ, ಔಷಧಿ ಬೇರೆ. ಚೀನಾದಲ್ಲಿ ಜಮೀನು ನೀರು ಉಳಿಸೋಕೆ ಅಂತ 2004ರಲ್ಲೇ ಹೊಸ ಕೋರ್ಸ್ ಬೇಡ ಅಂದ್ರು, ಆಮೇಲೂ ಕದ್ದುಮುಚ್ಚಿ ಕಟ್ಟಿದ್ರು ಅಂತ 2017ರಲ್ಲಿ 111 ಕೋರ್ಸ್ ಮುಚ್ಚಿಸೋ ಆರ್ಡರ್ ಬಂತು. ಯಾರನ್ನ ಒಳಗೆ ಬಿಡ್ತೀವಿ ಅನ್ನೋ ವಿಷಯದಲ್ಲೂ ಇತಿಹಾಸ ಚೆನ್ನಾಗಿಲ್ಲ, ಅಮೆರಿಕಾದ ವೃತ್ತಿಪರ ಗಾಲ್ಫರ ಸಂಘ ಪಿಜಿಎ ಬಿಳಿಯರಿಗೆ ಮಾತ್ರ ಅನ್ನೋ ನಿಯಮ ತೆಗೆದಿದ್ದು 1961ರಲ್ಲಿ, ಮಾಸ್ಟರ್ಸ್ ನಡೆಯೋ ಆಗಸ್ಟಾ ನ್ಯಾಷನಲ್ ಕ್ಲಬ್ ಮೊದಲ ಬಾರಿ ಹೆಂಗಸರಿಗೆ ಮೆಂಬರ್‌ಶಿಪ್ ಕೊಟ್ಟಿದ್ದು 2012ರಲ್ಲಿ. 2012! ಅದೇ ಆಟದ ಇನ್ನೊಂದು ಮುಖ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಲ್ಲಿದೆ, ಗಾಲ್ಫಿನ ತವರುಮನೆ ಅನ್ನೋ ಓಲ್ಡ್ ಕೋರ್ಸ್ ಇರೋದು ಸಾರ್ವಜನಿಕ ಜಾಗದಲ್ಲಿ, ಭಾನುವಾರ ಸಾಮಾನ್ಯವಾಗಿ ಆಟ ಇಲ್ಲ, ಊರವರು ನಾಯಿ ಕರ್ಕೊಂಡು ಅದರ ಮೇಲೇ ವಾಕಿಂಗ್ ಮಾಡ್ತಾರೆ. ಹಾಗಾಗಿ ಕೋರ್ಸ್ ಆರಿಸೋವಾಗ ಕೇಳಬೇಕಾದ ಪ್ರಶ್ನೆ ಕೇಳಿ, ಮೆಂಬರ್ ಅಲ್ಲದವರು ಆಡಬಹುದಾ, ನೀರು ಎಲ್ಲಿಂದ ತರ್ತಾರೆ, ಶುದ್ಧೀಕರಿಸಿದ ನೀರು ಹಾಕ್ತಾರಾ ಅಂತ. ಕೆಲವ್ರು ಖುಷಿಯಾಗಿ ಹೇಳ್ತಾರೆ, ಕೆಲವ್ರು ಮುಖ ನೋಡ್ತಾರೆ, ಎರಡರಿಂದಲೂ ನಿಮಗೆ ಉತ್ತರ ಸಿಕ್ಕಂಗೆ.

ಟೀವಿ ಗಾಲ್ಫ್ ಜಗಳಕ್ಕೆ ಮಾತ್ರ ಸಿಕ್ಕಿಹಾಕ್ಕೋಬೇಡಿ. 2022ರಲ್ಲಿ ಸೌದಿ ದುಡ್ಡಲ್ಲಿ, ಹಳೇ ಟೂರ್ನಿಗಳಿಗೆ ಪೈಪೋಟಿಯಾಗಿ ಲಿವ್ ಅನ್ನೋ ಲೀಗ್ ಶುರುವಾದಾಗಿಂದ ಆ ಕಡೆ ಈ ಕಡೆ ಅಂತ ಫ್ಯಾನುಗಳು ಕಿತ್ತಾಡ್ತಾ ಇದ್ದಾರೆ, ಅದಕ್ಕೂ ನಿಮ್ಮ 7-ಐರನ್ನಿಗೂ ಏನೂ ಸಂಬಂಧ ಇಲ್ಲ.

ಎರಡು ಮೂರು ಸಲ 9 ಹೋಲ್ ಆಡಿದ್ಮೇಲೆ ಇನ್ನೂ ಹೋಗ್ಬೇಕು ಅನ್ಸಿದ್ರೆ ಆಗ ಕೊಳ್ಳಿ, ಸೆಕೆಂಡ್ ಹ್ಯಾಂಡ್. ಒಂದು ಪಟರ್, 7-ಐರನ್, ಹತ್ತಿರದ ಹೊಡೆತಕ್ಕೆ ಒಂದು ವೆಜ್, ಸ್ವಲ್ಪ ದೂರಕ್ಕೆ ಒಂದು ಹೈಬ್ರಿಡ್, ನಾಲ್ಕೇ ಸಾಕು, ಹೆಗಲಿಗೆ ಭಾರನೂ ಇಲ್ಲ. ಕೊಳ್ಳೋವಾಗ ಹಿಡಿಯ ರಬ್ಬರ್ ಬೆರಳಿಂದ ತಿಕ್ಕಿ ನೋಡಿ, ನುಣ್ಣಗೆ ಹೊಳೀತಿದ್ರೆ ಗ್ರಿಪ್ ಬದಲಾಯಿಸೋ ಖರ್ಚೂ ಸೇರಿಸ್ಕೊಂಡು ಚೌಕಾಸಿ ಮಾಡಿ. ಚೆಂಡು ಹಳೇದೇ ತಗೊಳ್ಳಿ, ಹೆಂಗಿದ್ರೂ ಅರ್ಧ ನೀರಿಗೆ ಹೋಗುತ್ತೆ. ಡ್ರೈವರ್ ಮುಂದಿನ ವರ್ಷ ನೋಡ್ಕೊಂಡ್ರಾಯ್ತು.