ಮುಖ ಬ್ಲರ್ ಮಾಡಿದರೆ ಸಾಲದು

ದೌರ್ಜನ್ಯಕ್ಕೊಳಗಾದ ಹೆಂಗಸಿನ ಮುಖ ಬ್ಲರ್ ಮಾಡಿಬಿಟ್ಟರೆ ಆಯಿತು ಅಂತ ಬೆಂಗಳೂರಿನಲ್ಲಿ ಕೂತ ಟಿವಿ ಸುದ್ದಿ ಡೆಸ್ಕ್‌ನವರು ಅಂದುಕೊಂಡಿರುತ್ತಾರೆ. ಹಾಸನ ಜಿಲ್ಲೆಯಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಕೊಟ್ಟಿಗೆ ನೋಡಿಯೇ ಮನೆ ಯಾರದು ಅಂತ ಹೇಳುತ್ತಾರೆ. ಸೀರೆಯ ಅಂಚು, ಕೈಬಳೆ, ಜಗಲಿಯ ಕಂಬ ಸಾಕು. ದನಿಯಂತೂ ಇನ್ನೂ ಮೋಸ. ಅರಸೀಕೆರೆ ಕಡೆಯ ಮಾತೇ ಬೇರೆ, ಸಕಲೇಶಪುರದ ಮಾತೇ ಬೇರೆ.

ದನಿಯ ಪಾಠ ನನಗಾದದ್ದು ಹಾಸನ ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕಿಯಾಗಿದ್ದಾಗ. ಮುಖವೇ ನೋಡಿರದ ಜನ ಸಂತೆಯಲ್ಲಿ ನಾನು ಸೊಪ್ಪಿನ ರೇಟು ಕೇಳಿದರೆ ತಿರುಗಿ, "ರೇಡಿಯೋದವರಲ್ವಾ?" ಅನ್ನುತ್ತಿದ್ದರು. ಟಿವಿಗೆ ಬಂದ ಮೇಲೆ ಇಂಥ ಸುದ್ದಿಗಳಲ್ಲಿ ಆ ಹೆಂಗಸರ ಹೇಳಿಕೆಯನ್ನು ಬರೆದುಕೊಂಡು ಬೇರೊಬ್ಬರ ದನಿಯಲ್ಲಿ ಓದಿಸುತ್ತೇನೆ. ದನಿಯನ್ನು ಯಂತ್ರದಲ್ಲಿ ದಪ್ಪ ಮಾಡಿದರೂ ಮಾತಿನ ವರಸೆ ಹಾಗೇ ಉಳಿಯುತ್ತದೆ. ಊರಿನ ಹೆಸರೂ ಇಲ್ಲ, ತಾಲ್ಲೂಕಿಗೇ ನಿಲ್ಲಿಸುತ್ತೇನೆ.

ನನ್ನ ಮದುವೆಯ ಕಥೆ ಉದ್ದ ಹೇಳುವುದಿಲ್ಲ. ಹೊಡೆತ ಇತ್ತು, ಹೊರಗೆ ಬಂದೆ. ಒಂದು ಠಾಣೆಯಲ್ಲಿ, "ಹೊಂದ್ಕೊಂಡು ಹೋಗಮ್ಮ, ಟಿವಿಯವಳು ಬೇರೆ, ಮರ್ಯಾದೆ ಹೋಗುತ್ತೆ" ಅಂದರು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣಾಧಿಕಾರಿ ಅಂತ ಇರುತ್ತಾರೆ. ನಮ್ಮಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ (ಸಿಡಿಪಿಒ) ಆ ಹೊಣೆ. ಅವರ ಕಚೇರಿಯಲ್ಲಿ ಘಟನಾ ವರದಿ ತುಂಬಿಸಿದರೆ ಅದು ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ. ಈ ಕಾಯ್ದೆಯ ಸುದ್ದಿಯನ್ನು ಎಷ್ಟೋ ಸಲ ಓದಿದ್ದವಳು ನಾನು. ಆದರೂ ಎಂದು, ಎಷ್ಟು ಹೊತ್ತಿಗೆ, ಎಲ್ಲಿ ಎಂಬ ಕಾಲಂಗಳ ಮುಂದೆ ಪೆನ್ನು ಓಡಲಿಲ್ಲ. ಪೆಟ್ಟು ನೆನಪಿದೆ, ತಾರೀಕು ಇಲ್ಲ. ದಿನಾಂಕ ತಡವರಿಸಿದಳು ಅಂತ ಒಬ್ಬಳನ್ನು ಸುಳ್ಳಿ ಅನ್ನುವ ಸಹೋದ್ಯೋಗಿಗಳ ಜೊತೆ ಆಮೇಲೆ ನಾನು ಜಗಳವಾಡದೆ ಬಿಟ್ಟಿಲ್ಲ.

2024ರ ಏಪ್ರಿಲ್‌ನಲ್ಲಿ, ಲೋಕಸಭೆ ಮತದಾನದ ಹೊತ್ತಿಗೆ, ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ಲೈಂಗಿಕ ದೌರ್ಜನ್ಯದ ವಿಡಿಯೋಗಳವು, ಹೆಂಗಸರ ಮುಖ ಮುಚ್ಚದೆಯೇ ಹಂಚಿದ್ದರು. ತನಿಖೆಗೆ ಎಸ್‌ಐಟಿ ಬಂತು, 2025ರ ಆಗಸ್ಟ್‌ನಲ್ಲಿ ಒಂದು ಪ್ರಕರಣದಲ್ಲಿ ಮಾಜಿ ಸಂಸದನಿಗೆ ಜೀವಾವಧಿ ಶಿಕ್ಷೆಯೂ ಆಯಿತು. ಆದರೆ ಆ ದಿನಗಳಲ್ಲಿ ಟೀ ಅಂಗಡಿಗಳಲ್ಲಿ ಕೇಳುತ್ತಿದ್ದದ್ದು "ಅದರಲ್ಲಿರೋರು ಯಾರಂತೆ?" ಅನ್ನುವ ಒಂದೇ ಪ್ರಶ್ನೆ. ಆ ಹೆಂಗಸರ ಊರಿಗೆ ಹೋಗಿ ವಿಷುವಲ್ಸ್ ತನ್ನಿ ಅಂತ ಡೆಸ್ಕ್‌ನಿಂದ ಫೋನು. ಹೋಗಲ್ಲ ಅಂದೆ.

ಡೆಸ್ಕ್‌ಗೆ ಕರುಣೆಯ ಮಾತು ತಾಗುವುದಿಲ್ಲ, ಸೆಕ್ಷನ್ ತಾಗುತ್ತದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ರಲ್ಲಿ ಎರಡು ವರ್ಷದವರೆಗೆ ಜೈಲು. ಮೊದಲು ಅದು ಐಪಿಸಿಯ 228ಎ ಆಗಿತ್ತು. ಹೆಸರಷ್ಟೇ ಅಲ್ಲ, ಪರೋಕ್ಷವಾಗಿಯೂ ಗುರುತು ಹತ್ತುವ ವಿವರ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಕ್ಕಳ ವಿಷಯದಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಶಾಲೆ, ನೆರೆಹೊರೆಯನ್ನೂ ಸೇರಿಸುತ್ತದೆ. ಇಷ್ಟನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ವಾದ ಬೇಗ ಮುಗಿಯುತ್ತದೆ.

ಮಾತಿಗೆ ಕೂತಾಗ ಲೋಗೋ ಮೈಕ್ ಚೀಲದಲ್ಲೇ ಇರುತ್ತದೆ. ಮೊದಲ ಭೇಟಿಗೆ ಕ್ಯಾಮೆರಾದವನನ್ನೇ ಕರೆದೊಯ್ಯುವುದಿಲ್ಲ. ಆಮೇಲೆ ಅವರು ಬೇಡ ಅಂದರೆ ಸುದ್ದಿ ಹೋಗುವುದಿಲ್ಲ. ಬೇರೆ ಚಾನೆಲ್ ಮೊದಲು ಹಾಕಿದರೆ ಹಾಕಿಕೊಳ್ಳಲಿ. ಸ್ಕ್ರಿಪ್ಟಿನ ಕೊನೆಗೆ ಮಹಿಳಾ ಸಹಾಯವಾಣಿ 181, ನೊಂದ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರ, ಹೆಣ್ಣುಮಕ್ಕಳಿಗೆ ಆದಾಯ ನೋಡದೆ ವಕೀಲರನ್ನು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಇವಿಷ್ಟನ್ನು ಬರೆಯುತ್ತೇನೆ. ಸಮಯ ಸಾಲದೆ ಡೆಸ್ಕ್ ಕತ್ತರಿಸುವುದೂ ಮೊದಲು ಅದನ್ನೇ.

ಹಾಗಾಗಿ ಆ ಹೆಂಗಸರಿಗೆ ಎದುರಿಗೇ ಇದನ್ನು ಹೇಳುತ್ತೇನೆ. ಚೀಟಿ ಕೊಡುವುದಿಲ್ಲ, ಮನೆಯಲ್ಲಿ ಸಿಕ್ಕರೆ ಅದಕ್ಕೊಂದು ಏಟು. 181 ಬಾಯಿಪಾಠ ಮಾಡಿಸುತ್ತೇನೆ. ನನ್ನ ನಂಬರ್ ಬೇಕೆಂದವರಿಗೆ ಟೈಲರ್ ಅಂತ ಸೇವ್ ಮಾಡಿಕೊಳ್ಳಿ ಅನ್ನುತ್ತೇನೆ. ಗಂಡಸರ ದನಿಯ ಫೋನ್ ಬಂದರೆ, "ಬ್ಲೌಸ್ ಇನ್ನೂ ಆಗಿಲ್ಲ ಸಾರ್, ಸೋಮವಾರ ಬರೋಕೆ ಹೇಳಿ" ಅಂತ ಇಡುತ್ತೇನೆ.