ಹಸಿರಾಗಿದ್ದ ಮರ ಕಡಿಸ್ದೆ, ಒಣಗ್ತಿದ್ದ ಮಾವಿನ ಮರ ಉಳಿಸ್ಕೊಂಡೆ: ನನ್ನ ಅನುಭವ

ಅಂಗಳದ ಮಾವಿನ ಮರದ ನೆತ್ತಿ ಒಣಗೋಕೆ ಶುರುವಾದಾಗ ಗಾಬರಿಯಲ್ಲಿ ನಾನು ಮೊದ್ಲು ಮಾಡಿದ್ದೇ ತಪ್ಪು ಕೆಲಸ. ಬುಡಕ್ಕೆ ಗೊಬ್ಬರ ಸುರಿದು ದಿನಾ ನೀರು ಬಿಟ್ಟೆ. ಬೇರುಗಳೇ ಸೋತಿರೋವಾಗ ಗೊಬ್ಬರ ಹಾಕಿ ಎಲೆ ಬಿಡು ಅಂದ್ರೆ ಮರ ಇನ್ನೂ ಸೊರಗತ್ತೆ, ಇದು ಆಮೇಲೆ ಗೊತ್ತಾಯ್ತು. ಇನ್ನೆರಡು ಕೊಂಬೆ ಬೋಳಾದ್ವು, ನೋಡಿದೋರೆಲ್ಲ ಕಡಿಸಿಬಿಡಿ ಅಂದ್ರು.

ಮನಸ್ಸು ಒಪ್ಪಲಿಲ್ಲ. ಏಣಿ ಹಾಕಿ ಒಂದೊಂದೇ ಕೊಂಬೆಯ ತೊಗಟೆನ ಉಗುರಲ್ಲಿ ಕೆರೆದು ನೋಡ್ತಾ ಬಂದೆ. ಕೆರೆದ ಜಾಗ ಹಸಿಯಾಗಿ ಹಸಿರಿದ್ರೆ ಜೀವ ಇದೆ, ಕಂದು ಬಣ್ಣಕ್ಕೆ ತಿರುಗಿ ಒಣಗಿದ್ರೆ ಅಷ್ಟು ಭಾಗ ಹೋಗಿದೆ ಅಂತ. ಒಂದೇ ಕಡೆ ಕೆರೆದು ತೀರ್ಮಾನ ಮಾಡ್ಬೇಡಿ, ತುದಿ ಸತ್ತಿದ್ರೂ ಎಷ್ಟೋ ಸಲ ಒಂದಡಿ ಕೆಳಗೆ ಹಸಿರು ಸಿಗತ್ತೆ. ಲೆಕ್ಕ ಹಾಕಿದ್ರೆ ಮೂರರಲ್ಲೊಂದು ಪಾಲು ಹೋಗಿತ್ತು. ಅರ್ಧಕ್ಕಿಂತ ಜಾಸ್ತಿ ಹೋಗಿದ್ರೆ ಆಸೆ ಕಮ್ಮಿ ಅಂತಾರೆ, ಹಾಗಾಗಿ ಧೈರ್ಯ ಬಂತು.

ಆದ್ರೆ ನಿಜವಾದ ಉತ್ತರ ಸಿಕ್ಕಿದ್ದು ಬುಡದಲ್ಲಿ. ಮರದ ಬುಡ ನೆಲ ಸೇರೋ ಜಾಗದಲ್ಲಿ ಅಗಲ ಆಗಿ ಬೇರು ಹರಡಿರೋದು ಕಾಣ್ಬೇಕು, ನಮ್ದು ಕಂಬ ನೆಟ್ಟ ಹಾಗೆ ನೆಟ್ಟಗೆ ಮಣ್ಣೊಳಗೆ ಇಳಿದಿತ್ತು. ಕೈಯಲ್ಲೇ ನಿಧಾನಕ್ಕೆ ಕೆದಕಿದೆ. ಮೂರು ವರ್ಷದ ಹಿಂದೆ ಅಂಗಳ ಮಟ್ಟ ಮಾಡೋಕೆ ನಾನೇ ಹಾಕಿಸಿದ್ದ ಮಣ್ಣು, ಹತ್ತಿರ ಹತ್ತಿರ ಒಂದಡಿ! ನೀರು ಹೀರೋ ಬೇರುಗಳೆಲ್ಲ ಹೆಚ್ಚಾಗಿ ಮೇಲಿನ ಒಂದೂವರೆ ಅಡಿ ಒಳಗೇ ಇರತ್ತೆ, ಅದಕ್ಕೆ ಗಾಳಿ ಬೇಕು, ಮೇಲೆ ಮಣ್ಣು ಹೇರಿದ್ರೆ ಉಸಿರು ಕಟ್ಟತ್ತೆ, ಮರ ಮಾತ್ರ ಅದನ್ನ ವರ್ಷಗಳಾದ್ಮೇಲೆ ತೋರಿಸತ್ತೆ. ಸಾಲದ್ದಕ್ಕೆ ಒಂದು ಬೇರು ಹಗ್ಗ ಬಿಗಿದ ಹಾಗೆ ಕಾಂಡನ ಅಡ್ಡ ಸುತ್ಕೊಂಡಿತ್ತು.

ಮರದ ಕೊಡತಿಯಲ್ಲಿ ಕಾಂಡದ ಸುತ್ತ ತಟ್ಟಿದೆ, ಒಂದು ಕಡೆ ಟೊಳ್ಳು ಸದ್ದು. ಎದೆ ಧಸಕ್ಕಂತು. ಆದ್ರೆ ಟೊಳ್ಳಾದ ಮಾತ್ರಕ್ಕೆ ಮರ ಸಾಯಲ್ಲ, ಮಧ್ಯದ ತಿರುಳು ಹೇಗೂ ಜೀವ ಇಲ್ಲದ್ದು, ಜೀವ ಇರೋದು ತೊಗಟೆ ಕೆಳಗಿನ ಪದರದಲ್ಲಿ. ನೋಡ್ಬೇಕಾದ್ದು ಸುತ್ತಲಿನ ಗಟ್ಟಿ ಗೋಡೆ ಎಷ್ಟು ದಪ್ಪ ಉಳಿದಿದೆ ಅನ್ನೋದು. ಇದು ಮಾತ್ರ ನನ್ನ ಕೈಲಾಗೋದಲ್ಲ ಅಂತ ಬಲ್ಲವರನ್ನ ಕರೆಸಿದೆ, ಅವರು ಸೂಜಿಯಂಥ ಡ್ರಿಲ್ ಹಾಕಿ ಅಳೆದು ಗಟ್ಟಿ ಇದೆ ಅಂದ್ರು.

ಅವರು ಹೊರಡೋವಾಗ ಹಿತ್ತಲಿನ ಇನ್ನೊಂದು ಮರ ನೋಡಿ ನಿಂತುಬಿಟ್ರು. ಅದು ಎಲೆ ತುಂಬ್ಕೊಂಡು ಚೆನ್ನಾಗೇ ಇತ್ತು. ಆದ್ರೆ ಬುಡದಲ್ಲಿ ತಟ್ಟೆ ಥರ ಗಟ್ಟಿ ಅಣಬೆ (ಒಳಗೆ ಕೊಳೀತಿರೋದರ ಗುರುತು), ಸ್ವಲ್ಪ ಮನೆ ಕಡೆ ವಾಲಿದೆ, ವಾಲಿದ್ದರ ಎದುರು ಬದಿ ನೆಲ ಬಿರುಕು ಬಿಟ್ಟಿದೆ. ಕೆಳಗೆ ಜನ ಓಡಾಡೋ ಜಾಗ. ಕಡಿಸ್ದೆ, ತುಂಬಾ ಬೇಜಾರಾಯ್ತು, ಆದ್ರೆ ಕಡಿದ್ಮೇಲೆ ನೋಡಿದ್ರೆ ಬುಡ ಕೈಯಲ್ಲಿ ಪುಡಿಯಾಗ್ತಿತ್ತು.

ಮಾವಿಗೆ ಮಾಡಿದ್ದು ಇಷ್ಟೇ: ಹೆಚ್ಚುವರಿ ಮಣ್ಣು ತೆಗೆದೆ, ಸುತ್ತಿದ್ದ ಬೇರನ್ನ ಉಳಿಯಲ್ಲಿ ಕತ್ತರಿಸ್ದೆ, ಸತ್ತ ಕೊಂಬೆ ಮಾತ್ರ ಕೊಂಬೆ ಬುಡದ ಉಬ್ಬು ಬಿಟ್ಟು ಕೊಯ್ಸಿದೆ, ಗಾಯಕ್ಕೆ ಪೇಂಟ್ ಗೀಂಟ್ ಬಳೀಲಿಲ್ಲ. ಮೂರು ಇಂಚು ತರಗೆಲೆ ಹೊದಿಸ್ದೆ, ಕಾಂಡಕ್ಕೆ ತಾಗದ ಹಾಗೆ. ನೀರು ದಿನಾ ಅಲ್ಲ, ಮಣ್ಣು ಒಣಗಿದಾಗ ನೆರಳಿನ ಅಂಚಿನ ತನಕ ನೆನೆಯೋ ಹಾಗೆ.

ಮೊದಲ ವರ್ಷ ಏನೂ ಕಾಣ್ಲಿಲ್ಲ. ಈಗ ಎರಡನೇ ವರ್ಷ, ಮಧ್ಯದ ಕೊಂಬೆಗಳಲ್ಲಿ ಕೆಂಪು ಚಿಗುರು ಬಂದಿದೆ. ಗೇಟ್ ಕಡೆ ಕೊಂಬೆ ಒಂದು ಇನ್ನೂ ಬೋಳು, ಮೊನ್ನೆ ಕೆರೆದು ನೋಡ್ದೆ, ಬುಡದ ಹತ್ರ ಹಸಿರಿದೆ, ಅದನ್ನ ಇನ್ನೊಂದು ಮಳೆಗಾಲ ಮುಟ್ಟಲ್ಲ.