ಕುಂಬು ಮಾವಿನಲ್ಲಿ ಕಡೆದ ಕುಡಿಕೆಗಳು: ನನ್ನ ಅನುಭವ

ಕುಂಬು ಹಿಡಿದ, ಎಂದರೆ ಅರೆ ಕೊಳೆತ ಮಾವಿನ ಮರದಲ್ಲಿ ಕಡೆದ ಹದಿನೇಳು ಕುಡಿಕೆ ಹಂಡೆ ಒಲೆಗೆ ಹೋದ ಮೇಲೆ ಹದಿನೆಂಟನೆಯದು ನಿಂತಿತು. ಹದಿನೇಳೋ ಹತ್ತೊಂಬತ್ತೋ, ಹೆಂಡತಿಯ ಲೆಕ್ಕ ಬೇರೆಯೇ ಇದೆ. ಏನೇ ಇರಲಿ, ಆ ವರ್ಷ ನಮ್ಮ ಬಚ್ಚಲಲ್ಲಿ ಬಿಸಿನೀರಿಗೆ ಬರ ಬರಲಿಲ್ಲ.

ನಾನು ಲೇತ್ ಕೆಲಸ, ಅಂದರೆ ಮರ ತಿರುಗಿಸಿ ಕಡೆಯುವ ಯಂತ್ರದ ಕೆಲಸ, ಕಲಿತದ್ದು ಚನ್ನಪಟ್ಟಣದಲ್ಲಿ, ಎರಡು ವರ್ಷ. ಅಲ್ಲಿ ಆಲೆ ಮರ, ಬೆಣ್ಣೆಯ ಹಾಗೆ ಉಳಿಗೆ ಸಿಗುವ ಬಿಳಿ ಮರ. ತೊಗಟೆ ಸಮೇತ ಹಸಿಯಾಗಿ ಬಿಟ್ಟರೆ ನೀಲಿ ಕಲೆ ಬೀಳುತ್ತದೆ, ತೆಳು ಬಣ್ಣದ ಅರಗಿನಡಿಯಿಂದಲೂ ಆ ಕಲೆ ಇಣುಕುತ್ತದೆ. ಅಂಥ ತುಂಡು ಕೈಗೆ ಬಂದರೆ ನಮ್ಮ ಮೇಸ್ತ್ರಿ ಮಾತಾಡದೆ ಮೂಲೆಗೆ ಎಸೆಯುತ್ತಿದ್ದರು. ಊರಿಗೆ ಬಂದು ಸಾಗರದ ಹತ್ತಿರ ಸೆಕೆಂಡ್ ಹ್ಯಾಂಡ್ ಲೇತ್ ಹಾಕಿಕೊಂಡು (ಮೋಟರು ಸೇರಿ ಸುಮಾರು 45,000 ಆಯಿತು) ಮಂಚದ ಕಾಲು, ಕಡೆಗೋಲು, ಕೈಹಿಡಿ ಕಡೆದುಕೊಂಡಿದ್ದೆ. ನಾನೂ ಕಲೆ ಬಿದ್ದ ಮರ ಕಂಡರೆ ಎಸೆಯುವವನೇ.

ಮನೆ ಹಿಂದಿನ ಕಾಟು ಮಾವು ಒಂದು ಮೇ ತಿಂಗಳ ಗಾಳಿಗೆ ಉರುಳಿತು. ದಿಮ್ಮಿ ತೋಟದ ಅಗಳಿನ ಪಕ್ಕ ಒಂದಿಡೀ ಮಳೆಗಾಲ ಬಿದ್ದುಕೊಂಡಿತ್ತು. ದೀಪಾವಳಿ ಹೊತ್ತಿಗೆ ಸೌದೆ ಮಾಡೋಣ ಎಂದು ಗರಗಸ ಹಾಕಿದರೆ ಒಳಗೆ ಕಪ್ಪು ಶಾಯಿ ಪೆನ್ನಿನಲ್ಲಿ ಎಳೆದಂಥ ಗೆರೆಗಳು, ನಡುನಡುವೆ ಹಾಲು ಬಿಳಿ ಪಟ್ಟೆ. ಹೊರದೇಶದವರು ಇದನ್ನು ಸ್ಪಾಲ್ಟೆಡ್ ಎನ್ನುತ್ತಾರೆ ಎಂಬುದು ಆಮೇಲೆ ತಿಳಿಯಿತು. ಒಂದು ಬೂಸ್ಟು ಇನ್ನೊಂದಕ್ಕೆ ಎದುರಾದಾಗ ನಡುವೆ ಕಟ್ಟಿಕೊಳ್ಳುವ ಬೇಲಿಯೇ ಆ ಕಪ್ಪು ಗೆರೆ. ನಮ್ಮ ಕಡೆ ಅದಕ್ಕೆ ಒಂದೇ ಹೆಸರು, ಕುಂಬು. ಸಾಮಿಲ್‌ನವರು ನೋಡಿ ನಕ್ಕರು. ಭಾವ, "ಮಾರಾಯ, ಒಳ್ಳೇ ಮರದಲ್ಲೇ ಹೊಟ್ಟೆ ತುಂಬ್ತಿಲ್ಲ ನಿಂಗೆ" ಅಂದ.

ಮೊದಲ ವರ್ಷದ ಕತೆ ಪೂರ್ತಿ ಸೋಲು. ದಿಮ್ಮಿಯಲ್ಲಿ ಬೂಸ್ಟು ನಾರಿನ ಉದ್ದಕ್ಕೆ ಬೇಗ ಓಡುತ್ತದೆ, ಅಡ್ಡಕ್ಕೆ ನಿಧಾನ. ಒಳಗೆ ಗೆರೆ ಬರುವ ಹೊತ್ತಿಗೆ ಎರಡೂ ತುದಿ ಸ್ಪಂಜು. ಗೌಜ್ (ತೋಡುವ ಉಳಿ) ಎಷ್ಟೇ ಹರಿತವಿದ್ದರೂ ಗಟ್ಟಿ ಭಾಗ ಕತ್ತರಿಸುತ್ತದೆ, ಮೆತ್ತನೆ ಭಾಗ ಕಿತ್ತು ಬರುತ್ತದೆ. ಸ್ಯಾಂಡ್‌ಪೇಪರ್ ಹಿಡಿದರೆ ಮೆತ್ತನೆಯದು ಹಳ್ಳ, ಗಟ್ಟಿಯದು ದಿಬ್ಬ. ಒಂದು ಕುಡಿಕೆಯ ಬುಡ, ಲೇತಿನಲ್ಲಿ ಮರ ಕಚ್ಚಿ ಹಿಡಿಯುವ ಚಕ್‌ನ ದವಡೆಯಲ್ಲೇ ಪುಡಿಯಾಗಿ, ಮೇಲಿನದು ಹಾರಿ ಹೆಂಚು ಒಡೆಯಿತು. ಆಗ 900 ಆರ್‌ಪಿಎಂ ಇದ್ದಿರಬೇಕು. ತಲೆಗೆ ತಾಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಮೆತ್ತನೆ ಜಾಗ ಗಟ್ಟಿ ಮಾಡಲು ಹನಿಸಿದ ಫೆವಿಕ್ವಿಕ್ಕಿಗೇ ಆ ವರ್ಷ ನಾಲ್ಕು ಸಾವಿರ ಹೋಯಿತು. ಪುಟ್ಟ ಟ್ಯೂಬ್ ಕೊಳ್ಳುತ್ತಿದ್ದೆ, ಪೆದ್ದತನ. ಈಗ ನೀರಿನಷ್ಟು ತೆಳುವಾದ ಅಂಟನ್ನೇ ದೊಡ್ಡ ಬಾಟಲಿಯಲ್ಲಿ ತರಿಸುತ್ತೇನೆ.

ಮೇಸ್ತ್ರಿಗೆ ಫೋನ್ ಮಾಡಿದೆ. "ಹಸೀಲಿ ಕಡೀಬೇಡ ಸೀಳುತ್ತೆ, ಕೊಳೆತದ್ದು ಕಡೀಬೇಡ ಕೀಳುತ್ತೆ. ಇದೆರಡೂ ನಿಂಗೆ ಹೇಳಿಕೊಟ್ಟಿದ್ದೆ ತಾನೆ?" ಅಂದರು.

ಆ ಎರಡೂ ತಪ್ಪನ್ನು ಒಟ್ಟಿಗೇ ಮಾಡಿದರೆ ಏನಾದೀತು ಎಂದು ಹೊಳೆದದ್ದು ಆ ಫೋನ್ ಇಟ್ಟ ಮೇಲೆ. ಕುಂಬು ಹಿಡಿಸಿದ ದಿಮ್ಮಿಯನ್ನು ಕಡೆಯುವ ಬದಲು, ಹಸಿ ಮಾವನ್ನು ಗಟ್ಟಿ ಇರುವಾಗಲೇ ಒರಟಾಗಿ ಕಡೆದು, ಒಳಗನ್ನೂ ತೋಡಿ, ಆ ಕುಡಿಕೆಗೇ ಕುಂಬು ಹಿಡಿಸಿದರೆ? ಎಂಟಿಂಚು ಅಗಲದ್ದಕ್ಕೆ ಹೆಚ್ಚುಕಡಿಮೆ ಒಂದಿಂಚು ಗೋಡೆ ಬಿಡುತ್ತೇನೆ. ದಿಮ್ಮಿಯ ನಡುತಿರುಳು ಕುಡಿಕೆಯಲ್ಲಿ ಬರಲೇಬಾರದು, ಬಂದರೆ ಸೀಳು ಖಾತ್ರಿ. ಗೋಡೆ ತೆಳುವಾದ್ದರಿಂದ ಬೂಸ್ಟು ಒಳಗಿನಿಂದಲೂ ಹೊರಗಿನಿಂದಲೂ ನುಗ್ಗುತ್ತದೆ. ದಿಮ್ಮಿಯಲ್ಲಿ ಐದಾರು ತಿಂಗಳು ಹಿಡಿಯುತ್ತಿದ್ದ ಗೆರೆ ಇಲ್ಲಿ ಆರೇಳು ವಾರಕ್ಕೆ ಬಂತು, ಗೋಡೆಯೂ ಸ್ಪಂಜಾಗಲಿಲ್ಲ.

ಜೂನ್ ಕೊನೆಯಲ್ಲಿ ಸಿಮೆಂಟ್ ಚೀಲಕ್ಕೆ ಕುಡಿಕೆ, ಅದರದೇ ಹಸಿ ಹೊಟ್ಟು, ಹಳೇ ದಿಮ್ಮಿಯ ಗೆರೆ ಇದ್ದ ಜಾಗದ ಒಂದು ಹಿಡಿ ಪುಡಿ, ಮೇಲೆ ಅಡಿಕೆ ಹಾಳೆ. ಚೀಲದ ಬಾಯಿ ಬಿಗಿಯಬಾರದು, ಬೂಸ್ಟಿಗೂ ಉಸಿರು ಬೇಕು. ಕೊಟ್ಟಿಗೆಯ ಕತ್ತಲೆ ಮೂಲೆ, ಆದರೆ ನೆಲದಿಂದ ಎರಡಡಿ ಮೇಲೆ. ನೆಲದಲ್ಲಿಟ್ಟ ಮೂರನ್ನು ಒರಲೆ ತಿಂದು ಮುಗಿಸಿತ್ತು. ಇನ್ನೊಂದು ಸಾಮಾನು ಕೂಡ ಹಾಕುತ್ತೇನೆ, ತೋಟದಲ್ಲೇ ಸಿಗುತ್ತದೆ, ಅದರ ಹೆಸರು ಹೇಳುವುದಿಲ್ಲ. ಹದಿನೇಳು ಸುಟ್ಟವನಿಗೆ ಅಷ್ಟು ಹಕ್ಕಿದೆ.

ಬೆಲ್ಲದ ನೀರು, ಹುಳಿ ಮಜ್ಜಿಗೆ, ಗೊಬ್ಬರಗುಂಡಿ ಎಲ್ಲ ನೋಡಿದ್ದೇನೆ. ಬೆಲ್ಲಕ್ಕೆ ಇರುವೆ ಬಂತು, ಮಜ್ಜಿಗೆಗೆ ಹಸಿರು ಬೂಸ್ಟು ಮೇಲ್ಮೈಯಲ್ಲೇ ಕೂತು ಒಳಗೆ ಇಳಿಯಲಿಲ್ಲ. ಗೊಬ್ಬರಗುಂಡಿಯದು ಮಾತ್ರ ಕೆಟ್ಟಿರಲಿಲ್ಲ, ಕಂದು ಬಣ್ಣ ಹಿಡಿದಿತ್ತು, ಆದರೆ ವಾಸನೆ! ಹಲಸಿನ ಕುಡಿಕೆಯನ್ನು ಎರಡು ತಿಂಗಳು ಇಟ್ಟೆ, ಹಳದಿ ಚೇಗಿಗೆ (ನಡುವಿನ ಗಟ್ಟಿ ಮರಕ್ಕೆ) ಏನೂ ಆಗಲಿಲ್ಲ, ಅಂಚಿನ ಬಿಳಿ ಮರದಲ್ಲಷ್ಟೇ ನಾಲ್ಕು ಗೆರೆ. ಅದನ್ನು ಹೆಂಡತಿ ಹುಣಸೆಹಣ್ಣು ಹಾಕಿಡಲು ತೆಗೆದುಕೊಂಡಳು.

ಒಣಗಿಸುವುದರಲ್ಲಿ ದುಡ್ಡು ಕಳೆದುಕೊಂಡಷ್ಟು ಬೇರೆಲ್ಲೂ ಕಳೆದುಕೊಂಡಿಲ್ಲ. ಪಕ್ಕದ ಮನೆಯವರ ಅಡಿಕೆ ಡ್ರೈಯರ್‌ನಲ್ಲಿ ಒಂದು ರಾತ್ರಿ ನಾಲ್ಕನ್ನು ಇಟ್ಟೆ. ಬೆಳಿಗ್ಗೆ ನಾಲ್ಕೂ ಬಾಯಿಂದ ಬುಡದವರೆಗೆ ಸೀಳಿದ್ದವು, ಅಡಿಕೆ ಮಾತ್ರ ಚೆನ್ನಾಗಿ ಒಣಗಿತ್ತು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಸೀಳಲಿಲ್ಲ, ಹೊಗೆ ಹಿಡಿದು ಬಿಳಿ ಪಟ್ಟೆಯೆಲ್ಲ ಚಹಾ ಬಣ್ಣ. ಈಗ ಮಾಡುವುದು ಇಷ್ಟೇ: ಪೇಪರ್ ಚೀಲದಲ್ಲಿ ಒಣ ಹೊಟ್ಟಿನ ಜೊತೆ ಕಟ್ಟಿ ಹಗ್ಗಕ್ಕೆ ನೇತುಹಾಕುವುದು, ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬುಡದ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು. ಎರಡು ವಾರ ಗ್ರಾಮೂ ಕದಲದಿದ್ದರೆ ಒಣಗಿತು. ಮಲೆನಾಡಿನಲ್ಲಿ ಅದು ಜನವರಿಗೆ ಮೊದಲು ಆಗುವುದಿಲ್ಲ, ಅವಸರ ಬೇಡ. ಕುಟ್ಟೆ ಹುಳ ಹೊಕ್ಕಿದ್ದು ಕಂಡರೆ ಆ ಒಂದನ್ನು ತಕ್ಷಣ ಬೇರೆ ಮಾಡಿ.

ಎರಡನೇ ಸಲ ಲೇತಿಗೆ ಏರಿಸುವಾಗ ಹಳೇ ಬುಡವನ್ನು ನಂಬಬೇಡಿ. ಅದನ್ನು ಕೊಯ್ದು ತೆಗೆದು, ಅಕೇಶಿಯಾದ ಒಂದು ಗಟ್ಟಿ ಬಿಲ್ಲೆಯನ್ನು ಎಪಾಕ್ಸಿ ಅಂಟು ಹಾಕಿ ಅಂಟಿಸಿ, ಚಕ್‌ನಲ್ಲಿ ಹಿಡಿಯುವುದು ಆ ಬಿಲ್ಲೆಯನ್ನೇ. ಆಮೇಲೆ ಒಂದೂ ಹಾರಿಲ್ಲ. ಮೆತ್ತನೆ ಜಾಗಕ್ಕೆ ತೆಳು ಅಂಟು ಹನಿಸುವ ಮುಂಚೆ ಇಡೀ ಕುಡಿಕೆಗೆ ತೆಳುವಾಗಿ ಸ್ಯಾಂಡಿಂಗ್ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಹೊಡೆಯಬೇಕು, ಇಲ್ಲದಿದ್ದರೆ ಅಂಟು ಬಿದ್ದಲ್ಲೆಲ್ಲ ಎಣ್ಣೆ ಕಲೆಯಂಥ ಉಂಗುರ ಉಳಿಯುತ್ತದೆ. ಇದು ಗೊತ್ತಾಗಲು ಐದು ಕುಡಿಕೆ ಬಲಿಯಾಯಿತು. ಅಂಟು, ಒಂದು ಕಡೆತ, ಮತ್ತೆ ಅಂಟು, ಮತ್ತೊಂದು ಕಡೆತ. ಹೊಸ ಮರ ಬಂದಂತೆಲ್ಲ ಹೊಸ ಮೆತ್ತನೆ ಜಾಗ ಬರುತ್ತದೆ.

ಒಳಗೆ ತೋಡುವ ಕೊಕ್ಕೆ ಸರಳನ್ನು ಊರ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ, 20 ಎಂಎಂ ಸರಳು, ತುದಿಗೆ ಕಾರ್ಬೈಡ್ ಬಿಲ್ಲೆ, ಎಲ್ಲ ಸೇರಿ 2,000 ಒಳಗೆ. ಬಾಯಿ ಒಂದೂವರೆ ಇಂಚು, ಒಳಗೆ ಕಾಣುವುದಿಲ್ಲ, ಸದ್ದು ಕೇಳಿಯೇ ಕೆಲಸ. ಗೋಡೆ ಐದಾರು ಎಂಎಂಗೆ ಬಂದಾಗ ಸದ್ದು ಮಡಕೆಯದಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಇನ್ನೊಂದು ಎಳೆ ಎಂದು ಆಸೆಪಟ್ಟು ಎರಡು ಕಳೆದಿದ್ದೇನೆ.

ಮಾಸ್ಕ್ ವಿಷಯ ಒಂದು ಸಾಲು: ಕರವಸ್ತ್ರ ಸಾಲದು. ಒಂದೂವರೆ ತಿಂಗಳು ಕೆಮ್ಮಿದ ಮೇಲೆ ಕಾರ್ಟ್ರಿಜ್ ಇರುವ ಮಾಸ್ಕ್ ತಂದೆ, 1,700.

ಚನ್ನಪಟ್ಟಣದ ಅಭ್ಯಾಸ ಬಿಡದೆ, ತಿರುಗುವ ಕುಡಿಕೆಗೆ ಬಣ್ಣ ಹಾಕದ ಅರಗಿನ ಕಡ್ಡಿ ಒತ್ತಿ, ತಾಳೆಗರಿ ಹಿಡಿದು ಹೊಳಪು ಕೊಡಲೂ ನೋಡಿದೆ. ಗಟ್ಟಿ ಭಾಗದಲ್ಲಿ ಕನ್ನಡಿ, ಮೆತ್ತನೆ ಭಾಗದಲ್ಲಿ ಗಂಟುಗಂಟು. ಬಿಟ್ಟೆ. ಈಗ ಹಚ್ಚುವುದು ಕಾಯಿಸಿದ ಅಗಸೆ ಎಣ್ಣೆ, ಬಿಳಿ ಪಟ್ಟೆ ಸ್ವಲ್ಪ ಹಳದಿಯಾಗುತ್ತದೆ, ಆದರೂ ಕೈಗೆ ಮರ ಮರದ ಹಾಗೇ ಸಿಗುತ್ತದೆ.

ಎರಡು ವರ್ಷದಲ್ಲಿ ಲೇತ್ ಬಿಟ್ಟು ಸುಮಾರು 35,000 ಸುರಿದಿದ್ದೇನೆ. ಮೊದಲನೆಯದು 2,200ಕ್ಕೆ ಒಂದು ಹೋಂಸ್ಟೇಗೆ ಹೋಯಿತು. ಅವರು ನೀರು ಹಾಕಿ ಹೂ ಇಟ್ಟರು, ಬುಡ ಬಾಯಿಬಿಟ್ಟಿತು, ದುಡ್ಡು ವಾಪಸು ಕೊಟ್ಟೆ. ಈಗ ಪ್ರತಿ ಕುಡಿಕೆಯ ಬುಡದಲ್ಲಿ "ನೀರು ಹಾಕಬೇಡಿ" ಎಂದು ಸುಟ್ಟು ಬರೆಯುತ್ತೇನೆ. ಕಳೆದ ಬೇಸಗೆಯಲ್ಲಿ ಹನ್ನೊಂದು ಮಾರಿದೆ, ಎಲ್ಲಕ್ಕಿಂತ ದೊಡ್ಡದಕ್ಕೆ 6,500 ಬಂತು. ಮೂರು ಜೊತೆ ಮಂಚದ ಕಾಲಿನ ದುಡ್ಡು ಅದು.

ಚನ್ನಪಟ್ಟಣಕ್ಕೆ ಹೋದಾಗ ಒಂದನ್ನು ಮೇಸ್ತ್ರಿ ಕೈಗೆ ಕೊಟ್ಟೆ. ಬಾಯೊಳಗೆ ಬೆರಳು ಹಾಕಿ ಗೋಡೆ ಸವರಿದರು, ಉಗುರಿನಲ್ಲಿ ತಟ್ಟಿದರು, ಬುಡ ತಿರುಗಿಸಿ ಬಿಲ್ಲೆಯ ಜಾಗ ಹುಡುಕಿದರು. ಹೊಗಳಲಿಲ್ಲ. "ಆಲೇಲಿ ಆಗುತ್ತೇನೋ ಇದು?" ಅಂದರು. ಬರುವಾಗ ಎರಡು ಹಸಿ ಆಲೆ ತುಂಡು ಕೊಟ್ಟು ಕಳಿಸಿದರು. ಅವನ್ನೂ ಕಡೆದು ಚೀಲಕ್ಕೆ ಹಾಕಿದ್ದೇನೆ. ಗಣೇಶನ ಹಬ್ಬದ ಹೊತ್ತಿಗೆ ಬಿಚ್ಚುವುದು.